ಯಜಮಾನನಿಲ್ಲದ ಬಲೆ

ಗುಳ್ಳೆಗಳು ಬರುತ್ತಿವೆ, ದೋಣಿ ಮಗುಚದ ಹಾಗೆ ಪಕ್ಕಕ್ಕೆ ಚಾಚಿ ಕಟ್ಟಿದ ಬಿದಿರು ರೆಕ್ಕೆಯಾಚೆ, ಅದೇ ಜಾಗದಲ್ಲಿ, ಅನ್ನ ಕುದಿಯುವಾಗ ಏಳುವ ಹಾಗೆ ಒಂದರ ಬೆನ್ನಿಗೆ ಒಂದು — ಬರುತ್ತಿವೆ ಅಂದರೆ ಗಾಳಿ ಕೆಳಗೆ ಹೋಗುತ್ತಿದೆ, ಗಾಳಿ ಹೋಗುತ್ತಿದೆ ಅಂದರೆ ಬಾನೊಯ್ ಉಸಿರಾಡುತ್ತಿದ್ದಾನೆ — ಅಲ್ಲ, ಹಾಗಲ್ಲ, ಹಾಗಲ್ಲವೆಂದು ನನಗೆ ಗೊತ್ತು, ಪೈಪಿನ ತುದಿ ನನ್ನ ಗಂಡನ ಹಲ್ಲುಗಳ ನಡುವೆ ಇದ್ದರೂ ಗುಳ್ಳೆ ಏಳುತ್ತದೆ, ಬಾಯಿಂದ ಜಾರಿ ಮರಳಿನ ಮೇಲೆ ಬಿದ್ದಿದ್ದರೂ ಏಳುತ್ತದೆ, ಈ ಯಂತ್ರಕ್ಕೆ ಮರಳು ಯಾವುದು ಮನುಷ್ಯ ಯಾವುದು ತಿಳಿಯದು, ಪಂಕ್ಚರ್ ಅಂಗಡಿಯಲ್ಲಿ ಲಾರಿ ಟಯರಿಗೆ ಗಾಳಿ ತುಂಬುತ್ತಿದ್ದ ಯಂತ್ರ ಇದು, ತುಂಬು ಅಂದರೆ ತುಂಬುತ್ತದೆ ಅಷ್ಟೇ. ಮೊದಲು ಗುಳ್ಳೆಗಳು ಓಡಾಡುತ್ತಿದ್ದವು. ಬೆಳಿಗ್ಗೆ ಅವನು ಇಳಿದಾಗ ಇಲ್ಲಿ ಎದ್ದವು, ಆಮೇಲೆ ಅಲ್ಲಿ, ಹವಳದ ಬಂಡೆಯ ಅಂಚು ಹಿಡಿದು ಮೆಲ್ಲಗೆ ಸರಿದವು, ನಾನು ಕಣ್ಣಿನಲ್ಲೇ ಅವುಗಳ ಹಿಂದೆ ಹೋಗುತ್ತಿದ್ದೆ, ಮಗು ಅಂಗಳದಲ್ಲಿ ಆಡುತ್ತಿದ್ದರೆ ಅಡುಗೆಮನೆಯಿಂದಲೇ ಸದ್ದು ಕೇಳಿಸಿಕೊಳ್ಳುವ ಹಾಗೆ, ಈಗ ಅಲ್ಲಾಡುತ್ತಿಲ್ಲ, ಯಾವಾಗಿನಿಂದ ಅಲ್ಲಾಡುತ್ತಿಲ್ಲ, ನಾನು ಒಣಮೀನಿನ ಬುತ್ತಿಯ ಮುಚ್ಚಳ ತೆಗೆದು ಮುಚ್ಚಿದೆನಲ್ಲ, ಅದಕ್ಕೂ ಮೊದಲೇ — ಪೈಪು ಬೆರಳ ಸಂದಿಯಲ್ಲಿ ಗಡಗಡ ನಡುಗುತ್ತಿದೆ, ನಡುಗುವುದು ಎಂಜಿನ್ನಿನಿಂದ, ಅವನಿಂದಲ್ಲ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ, ಎರಡು ಸಲ ಅಂದರೆ ಹಗ್ಗ ಬಿಡು, ಮೂರು ಅಂದರೆ ಮೇಲಕ್ಕೆತ್ತು. ಹಗ್ಗ ಕೇಳಿದ್ದ, ಬಿಟ್ಟೆ, ಕಟ್ಟಿದ, ಹಗ್ಗ ಬಿಗಿಯಾಗಿದೆ, ಅಂದರೆ ಬಲೆಗೆ ಕಟ್ಟಿಯಾಗಿದೆ, ಆಮೇಲೆ ಏನೂ ಇಲ್ಲ. ಬೆಲ್ಟು ಮತ್ತೆ ಅಂಚಿಗೆ ಬರುತ್ತಿದೆ, ಮರದ ತುಂಡು ಒತ್ತಿ ಹಿಡಿಯಬೇಕು, ಎಂಜಿನ್ನಿಗೂ ಕಂಪ್ರೆಸರಿಗೂ ನಡುವೆ ಇರುವುದು ಈ ಸವೆದ ರಬ್ಬರು ಒಂದೇ, ಇದು ಕಳಚಿತೋ ಅವನೂ ಕಳಚಿದ. ಇಳಿಯುವ ಮೊದಲು ಮುಳುಗುವ ಮರದ ಕನ್ನಡಕ ಏರಿಸಿಕೊಳ್ಳುತ್ತ ನಗುತ್ತಿದ್ದ, ನಿನ್ ಬಾಯಿ ಮುಚ್ಚಿದ್ರೆ ನಂಗೇನೂ ಬೇಜಾರಿಲ್ಲ ನಿಂಫಾ, ಈ ಎಂಜಿನ್ ಬಾಯಿ ಮಾತ್ರ ಮುಚ್ಚೋಕೆ ಬಿಡ್ಬೇಡ. ನಾನು ನಗಲಿಲ್ಲ. ನಗಬೇಕಿತ್ತು.

ನಮ್ಮ ಜೊತೆ ಬರಬೇಕಿದ್ದ ಅವನ ದೊಡ್ಡಪ್ಪನ ಮಗ ಜ್ಞಾನಸ್ನಾನದ ಊಟಕ್ಕೆ ಹೋಗಿದ್ದಾನೆ, ಇವತ್ತು ಬೇಡ ಅಂದೆ, ನೀರು ತಿಳಿಯಾಗಿದೆ ಮಾರಾಯ್ತಿ, ಇಂಥಾ ನೀರು ದಿನಾ ಸಿಗ್ತದಾ ಅಂದ, ನೀರು ಯಾವಾಗಲೂ ತಿಳಿಯಾಗಿಯೇ ಇರುತ್ತದೆ ಇವನ ಕಣ್ಣಿಗೆ. ಈ ಬಲೆ ನೋಡಿದ ದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಯಾವ ಹಡಗಿನದೋ, ಬಂಡೆಗೆ ಸಿಕ್ಕಿಕೊಂಡಿತು ಅಂತ ಕಡಿದು ಬಿಟ್ಟು ಹೋಗಿದ್ದಾರೆ, ಇಗರ್ಜಿಯ ಚಾವಣಿಗೆ ಹೊದಿಸಬಹುದು, ಅಷ್ಟು ದೊಡ್ಡದು ಅಂದ, ಯಜಮಾನನಿಲ್ಲದ ಬಲೆ ಅಂತ ಅದಕ್ಕೆ ಅವನೇ ಇಟ್ಟ ಹೆಸರು, ಎಳೆಯುವವನಿಲ್ಲ, ತಿನ್ನುವವನಿಲ್ಲ, ಆದ್ರೂ ಹಗಲೂ ರಾತ್ರಿ ಮೀನು ಹಿಡೀತಾ ಕೂತಿದೆ ನಿಂಫಾ, ಒಂದು ಸಿಕ್ತದೆ, ಸಾಯ್ತದೆ, ಕೊಳೀತದೆ, ಆ ವಾಸನೆಗೆ ಇನ್ನೊಂದು ಬರ್ತದೆ, ಅದೂ ಸಾಯ್ತದೆ, ನೈಲಾನು ಮಾತ್ರ ಸಾಯುದಿಲ್ಲ. ಊಟ ಮಾಡುತ್ತ ಮಾಡುತ್ತ ಹೇಳಿದ್ದ, ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಮೊದಲು ಹೀಗಿರಲಿಲ್ಲ, ಮೊದಲು ಎಲ್ಲ ದಡದ ಮೇಲಿನ ಕೆಲಸ, ಡೆಲ್ಪಿನಾ ಅಕ್ಕ ಸಹಕಾರ ಸಂಘದ ಷೆಡ್ಡು ಹಾಕಿ ಹಳೇ ಬಲೆ ತಗೊಳ್ತೇವೆ ಅಂದಾಗ ಊರಿಗೆ ಊರೇ ನಕ್ಕಿತು, ಹರಿದ ಬಲೆಗೂ ಗಿರಾಕಿಯಾ ಅಂತ, ಆಮೇಲೆ ಮನೆಯಡಿಯಿಂದ, ಕೋಳಿಗೂಡಿನ ಮೇಲಿನಿಂದ, ತರಕಾರಿ ಬೇಲಿಯಿಂದ ಎಲ್ಲರೂ ಬಲೆ ಬಿಚ್ಚಿ ತಂದರು, ನಾವು ಹೆಂಗಸರು ಕೂತು ತೊಳೆದೆವು, ಸೀಸದ ಗುಂಡು ಕಿತ್ತೆವು, ಬೆಂಡು ಕಿತ್ತೆವು, ಚಿಪ್ಪು ಕೆರೆದೆವು, ಬೆರಳ ತುದಿ ಉಪ್ಪಿಗೆ ಒಡೆದು ಅನ್ನ ಕಲಸಿದರೆ ಉರಿಯುತ್ತಿತ್ತು. ಕಟ್ಟು ಕಟ್ಟಿ ಹಡಗಿಗೆ ಹಾಕಿದರೆ ಎಲ್ಲೋ ದೂರದ ಕಾರ್ಖಾನೆಯಲ್ಲಿ ಕರಗಿಸಿ ಮತ್ತೆ ನೂಲು ತೆಗೆಯುತ್ತಾರಂತೆ, ಆ ನೂಲಿನಲ್ಲಿ ನೆಲಹಾಸು ನೇಯುತ್ತಾರಂತೆ, ಡೆಲ್ಪಿನಾ ಅಕ್ಕ ಒಂದು ತುಂಡು ತಂದು ತೋರಿಸಿದಳು, ಬೂದಿ ನೀಲಿ ಬಣ್ಣ, ಮುಟ್ಟಿದರೆ ಬೆಕ್ಕಿನ ಬೆನ್ನು, ಯಾರೋ ಮೂಸಿ ನೋಡಿ ಮೀನಿನ ವಾಸನೆ ಎಲ್ ಹೋಯ್ತಕ್ಕಾ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು, ನೆಲಕ್ಕೆ ಹಾಸಿ ಒಬ್ಬೊಬ್ಬರೇ ನಿಂತು ನೋಡಿದರು, ನನಗೆ ಕಾಲಿಡಲು ಆಗಲಿಲ್ಲ, ನನ್ನ ಅಪ್ಪನ ಬಲೆಯೂ ಆ ಕಟ್ಟಿನಲ್ಲಿ ಹೋಗಿತ್ತು. ದಡ ಚೊಕ್ಕವಾಯಿತು, ಎಷ್ಟು ಚೊಕ್ಕವಾಯಿತೆಂದರೆ ಹೆಕ್ಕಲು ಏನೂ ಉಳಿಯಲಿಲ್ಲ, ಆಗ ಇವನು ಅಟ್ಟದಿಂದ ಹಳದಿ ಪೈಪು ಇಳಿಸಿದ. ಅತ್ತೆ ಬಾಗಿಲಿಗೆ ಅಡ್ಡ ನಿಂತರು, ಆ ಹಳದಿ ಹಾವನ್ನ ಮತ್ತೆ ನೀರಿಗೆ ತಗೊಂಡ್ ಹೋಗ್ಬೇಡ, ಒಬ್ಬ ಮಗನ್ನ ಅದು ಕಚ್ಚಿದ್ದು ಸಾಕು. ಡೆಲ್ಪಿನಾ ಅಕ್ಕ ಷೆಡ್ಡಿನಲ್ಲಿ ಎಲ್ಲರೆದುರೇ ಬೈದಳು, ಕೇಳಿಲ್ಲಿ ಬಾನೊಯ್, ನಾವು ಸತ್ತ ಬಲೆ ತಗೊಳ್ತೇವೆ, ಸತ್ತ ಗಂಡಂದಿರನ್ನಲ್ಲ, ಬೆನ್ನಿಗೆ ಸಿಲಿಂಡರ್ ಕಟ್ಕೊಂಡವರು ನಗರದಿಂದ ಬರ್ತಾರೆ, ಅವರೇ ತೆಗೀತಾರೆ, ಕಾಯಿ. ಇವನು ತಲೆ ಕೆರೆದುಕೊಂಡು ನಕ್ಕ, ಅವರು ಬರೋ ಹೊತ್ತಿಗೆ ಅಲ್ಲಿ ಬರೀ ಮೀನಿನ ಮುಳ್ಳು ಇರ್ತದಕ್ಕಾ. ಕಾಯಲಿಲ್ಲ. ಮನೆಗೆ ಬಂದು ಪೈಪನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ತೂತು ಹುಡುಕಿದ, ನಾನು ದೀಪ ಹಿಡಿದು ನಿಂತೆ.

ಈಗ ಜಗ್ಗುತ್ತೇನೆ. ಒಂದು. ಚೆನ್ನಾಗಿದ್ದೀಯಾ. ಉತ್ತರವಿಲ್ಲ. ಮತ್ತೆ ಒಂದು, ಮೆಲ್ಲಗೆ, ಕೆಲಸದಲ್ಲಿರಬಹುದು, ಎರಡೂ ಕೈಯಲ್ಲಿ ಬಲೆ ಹಿಡಿದಿರಬಹುದು — ಜೋರಾಗಿ ಜಗ್ಗಿದೆ, ಪೈಪು ಬಿಗಿಯಾಯಿತು, ಎಳೆದರೆ ಸ್ವಲ್ಪ ಬಂತು, ಮತ್ತೆ ವಾಪಸು ಎಳೆದುಕೊಂಡಿತು, ಜೀವ ಬಂತು ನನಗೆ, ಬಾನೊಯ್ ಅಂದೆ, ಎಂಜಿನ್ ಸದ್ದಿನಲ್ಲಿ ನನಗೇ ಕೇಳಲಿಲ್ಲ, ಅವನೇ ಎಳೆದ, ಎಳೆದನಲ್ಲ, ಇನ್ನೊಮ್ಮೆ ಎಳೆದೆ, ಅಷ್ಟೇ ಬಂತು, ಅಷ್ಟೇ ಹೋಯಿತು, ಮತ್ತೊಮ್ಮೆ, ಅಳತೆ ಹಿಡಿದ ಹಾಗೆ ಅಷ್ಟೇ — ಕೈ ಹೀಗೆ ಎಳೆಯುವುದಿಲ್ಲ. ಬಲೆ ಎಳೆಯುತ್ತದೆ ಹೀಗೆ. ಪೈಪು ಬಲೆಯ ಕಣ್ಣಿನಲ್ಲಿ ಸಿಕ್ಕಿದೆ, ನಾನು ಇಷ್ಟು ಹೊತ್ತು ಮಾತಾಡುತ್ತಿದ್ದದ್ದು ಬಲೆಯ ಜೊತೆ. ನೀರಿನ ಮೇಲೆ ಕೆಸರು ಮೋಡದ ಹಾಗೆ ಏಳುತ್ತಿದೆ, ತಳ ಕಾಣುತ್ತಿಲ್ಲ, ಎತ್ತರದ ಒಂದು ತೆಂಗಿನ ಮರದಷ್ಟು ಆಳ ಅಂದಿದ್ದ. ಸುತ್ತ ಒಂದು ದೋಣಿಯಿಲ್ಲ, ಭಾನುವಾರ, ಎಲ್ಲರೂ ಅದೇ ಜ್ಞಾನಸ್ನಾನದ ಹಂದಿ ಸುಡುತ್ತಿದ್ದಾರೆ, ದಡದಲ್ಲಿ ಹೊಗೆ ಕಾಣುತ್ತಿದೆ, ಕೂಗಿದರೆ ಯಾರಿಗೆ ಕೇಳುತ್ತದೆ. ಎಳೆದು ತೆಗೆಯಲೇ, ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ಬಲೆಯನ್ನೇ ಎಳೆದುಬಿಡಲೇ, ಬಂದರೆ ಬಾಣದ ಹಾಗೆ ಬರುತ್ತಾನೆ — ಬೇಡ, ಬೇಡ, ಹಾಗೆ ಬಂದವನೇ ಸಿರಿಲೊ. ಮೈದುನ ಸಿರಿಲೊ ಕಂಪ್ರೆಸರಿನ ಪೈಪು ಕಚ್ಚಿಕೊಂಡು ಮೀನಿಗೆ ಮುಳುಗುತ್ತಿದ್ದ ಕಾಲ, ಯಂತ್ರ ನಿಂತು ಗಾಳಿ ತಪ್ಪಿ ಒಮ್ಮೆಗೇ ಮೇಲೆ ಬಂದ, ಏನೂ ಆಗಿರಲಿಲ್ಲ, ದೋಣಿಯ ಅಂಚಿಗೆ ಕೂತು ನಗುತ್ತಿದ್ದ, ಸಿಗರೇಟು ಕೊಡ್ರೋ ಅಂದ, ಸೇದಿ ಮುಗಿಸಿದ, ಆಮೇಲೆ ಕೆಳಗೆ ನೋಡಿ, ಯಾರ್ರೋ ಅದು ನನ್ ಕಾಲ್ ಮೇಲೆ ಕೂತಿದ್ದು, ಏಳ್ರೋ ಅಂದ, ಯಾರೂ ಕೂತಿರಲಿಲ್ಲ. ಸೆಬು ನಗರದ ಆಸ್ಪತ್ರೆಯಲ್ಲಿ ಗಾಳಿ ಒತ್ತಿ ತುಂಬುವ ಕಬ್ಬಿಣದ ಕೋಣೆಯೊಳಗೆ ಮಲಗಿಸಿದರು, ತಡವಾಗಿತ್ತು, ಡಾಕ್ಟರು ಅತ್ತೆಗೆ ಸೋಡಾ ಬಾಟಲಿ ತೋರಿಸಿ ಹೇಳಿದರಂತೆ, ನೋಡಿಯಮ್ಮಾ, ಮುಚ್ಚಳ ಮೆಲ್ಲಗೆ ಬಿಚ್ಚಿದ್ರೆ ಏನಿಲ್ಲ, ಪಟ್ಟಂತ ಬಿಚ್ಚಿದ್ರೆ ಉಕ್ತದೆ, ಅವನ ರಕ್ತ ಹಾಗೆ ಉಕ್ಕಿತು. ಸಿರಿಲೊ ಈಗ ಬಾದಾಮಿ ಮರದ ಬುಡದಲ್ಲಿ ಕೂರುತ್ತಾನೆ, ಕೂರಿಸುತ್ತಾರೆ, ಇರುವೆ ಕಾಲು ಹತ್ತಿದರೆ ನೋಡಿದಾಗಷ್ಟೇ ತಿಳಿಯುತ್ತದೆ ಅವನಿಗೆ. ನಿನ್ನೆ ಕೂಡ ನನ್ನ ಕೈ ಹಿಡಿದು ಹೇಳಿದ, ಅತ್ತಿಗೆ, ಅರ್ಧ ದಾರೀಲಿ ನಿಲ್ಲೋಕೆ ಹೇಳಿ ಅವನಿಗೆ, ಎಷ್ಟೇ ಅವಸರ ಇರ್ಲಿ, ಅರ್ಧ ದಾರೀಲಿ ನಿಂತು ಮೇಲೆ ಬರ್ಲಿ. ಎಳೆದರೆ ಕಾಲು ಹೋಗುತ್ತದೆ. ಎಳೆಯದಿದ್ದರೆ ಅವನೇ ಹೋಗುತ್ತಾನೆ. ಎಳೆದರೂ ಬರುವುದಿಲ್ಲ, ಸಿಕ್ಕಿದೆ. ಇಳಿಯಬೇಕು. ಇಳಿದರೆ ಬೆಲ್ಟಿಗೆ ಯಾರು — ಯಾರೂ ಇಲ್ಲ, ದೋಣಿಯ ಮೂತಿಯಲ್ಲಿ ಕಟ್ಟಿದ ಬಾಲಯೇಸುವಿನ ಪುಟ್ಟ ಗೊಂಬೆ ಬಿಟ್ಟರೆ, ಅದರ ಕೈ ಮುರಿದು ಎರಡು ವರ್ಷವಾಯಿತು.

ಮರದ ತುಂಡನ್ನು ಬೆಲ್ಟಿನ ಅಂಚಿಗೆ ಒತ್ತಿ ಬುತ್ತಿಯ ಗಂಟಿನ ಬಟ್ಟೆಯಿಂದ ಬಿಗಿದೆ, ಹುಟ್ಟನ್ನು ಅಡ್ಡ ಸಿಕ್ಕಿಸಿದೆ, ಗಂಟು ಮೂರು ಸಲ ಜಾರಿತು, ನೀನೇ ನೋಡ್ಕೋ ಅಂತ ಗೊಂಬೆಗೆ ಹೇಳಿದೆ, ಬೇಡಿಕೊಳ್ಳಲಿಲ್ಲ, ಗದರಿದೆ, ಮೀನು ಕೊಯ್ಯುವ ಚೂರಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಹುಡುಗಿಯಾಗಿದ್ದಾಗ ಚಿಪ್ಪಿಗಾಗಿ ಮುಳುಗುತ್ತಿದ್ದೆ, ಅಮ್ಮ ಹೇಳುತ್ತಿದ್ದಳು ಹೆದರಿದವಳ ಉಸಿರು ಬೇಗ ಮುಗೀತದೆ ಮಗಾ, ಹೆದರ್ಬೇಡ — ಹೆದರಬೇಡ ಅಂದರೆ ಹೆದರಿಕೆ ಹೋಗುತ್ತದೆಯೇ ಅಮ್ಮಾ. ನೀರು. ಬಲೆಗೆ ಕಟ್ಟಿದ ಹಗ್ಗ ಕೈಯಲ್ಲಿದೆ, ತಲೆ ಕೆಳಗೆ ಮಾಡಿ ಕೈಯ ಮೇಲೆ ಕೈ ಇಟ್ಟು ಇಳಿಯುತ್ತೇನೆ, ಕಿವಿ ಒಡೆಯುತ್ತದೆ, ಮೂಗು ಹಿಡಿದು ಊದಿದೆ, ಬಿಟ್ಟಿತು, ಮತ್ತೆ ಇಳಿ, ನೀರು ತಣ್ಣಗಾಯಿತು, ಹಸಿರು ಹೋಗಿ ಬೂದಿಯಾಯಿತು, ಆಮೇಲೆ ಮೊಳದಾಚೆ ಏನೂ ಕಾಣದು, ಕೈಗೆ ಏನೋ ತಾಗಿತು, ಲೋಳೆ, ಬಲೆ, ಬಲೆ ಅಲ್ಲಾಡುತ್ತಿದೆ, ಸೆಳೆತಕ್ಕೆ ಹೋಗಿ ಬರುತ್ತಿದೆ, ಮಲಗಿದ ದೊಡ್ಡ ಪ್ರಾಣಿಯ ಹೊಟ್ಟೆಯ ಹಾಗೆ, ಅದರ ಕಣ್ಣುಗಳಲ್ಲಿ ಅರ್ಧ ಕೊಳೆತ ಮೀನು, ಅದರ ಮೇಲೆ ಏಡಿ, ಏಡಿ ನಿಧಾನವಾಗಿ ತಿನ್ನುತ್ತಿದೆ, ಅವಸರವಿಲ್ಲ ಅದಕ್ಕೆ — ಎಲ್ಲಿದ್ದೀಯಾ, ಎಲ್ಲಿದ್ದೀಯಾ, ಎದೆ ಉರಿಯುತ್ತಿದೆ, ಉಸಿರು ಮುಗಿಯುತ್ತಿದೆ, ಗುಳ್ಳೆ, ಗುಳ್ಳೆಯ ಸದ್ದು ಎಡಕ್ಕೆ, ಪೈಪು ಹಿಡಿದು ಹೋದೆ, ಕಾಲು ಸಿಕ್ಕಿತು, ಮನುಷ್ಯನ ಕಾಲು, ತಣ್ಣಗಿದೆ, ಅಲ್ಲಾಡಲಿಲ್ಲ, ದೇವರೇ ಅಲ್ಲಾಡಲಿಲ್ಲ — ಕೈಯೊಂದು ಬಂದು ನನ್ನ ಮಣಿಕಟ್ಟು ಹಿಡಿಯಿತು. ಹಿಡಿದ ಜಾಗ ಈಗಲೂ ನೋಯುತ್ತಿದೆ. ಅವನ ಕಣ್ಣುಗಳು ಮರದ ಕನ್ನಡಕದೊಳಗೆ ಬಿಳಿಯಾಗಿ ಕಂಡವು, ಪೈಪು ಹಲ್ಲಲ್ಲೇ ಇತ್ತು, ಅವನು ಕಡಿದ ಅರ್ಧ ಬಲೆ ಸೆಳೆತಕ್ಕೆ ತಿರುಗಿ ಅವನ ಮೇಲೆಯೇ ಮಗುಚಿಕೊಂಡಿತ್ತು, ಒಂದು ತೋಳು ಬೆನ್ನ ಹಿಂದೆ ಸಿಕ್ಕಿತ್ತು, ಅವನ ಚೂರಿ ಕೆಳಗೆ ಬಿದ್ದಿತ್ತು. ಪೈಪನ್ನು ಅವನ ಬಾಯಿಂದ ತೆಗೆದು ನನ್ನ ಬಾಯಿಗೆ ಇಟ್ಟುಕೊಂಡೆ, ಎಣ್ಣೆ ಹೊಗೆಯ ರುಚಿ, ಅಮೃತ, ಮತ್ತೆ ಅವನಿಗೆ ಕೊಟ್ಟೆ, ಒಂದು ಗುಟುಕು ನನಗೆ ಒಂದು ಅವನಿಗೆ, ನಡುನಡುವೆ ಕೊಯ್ದೆ, ನೈಲಾನು ಹಸಿ ನರದ ಹಾಗೆ ಜಾರುತ್ತದೆ, ಒಂದು ಎಳೆ ಕೊಯ್ದರೆ ಅದರ ಹಿಂದೆ ಇನ್ನೊಂದು, ಷೆಡ್ಡಿನಲ್ಲಿ ಎಷ್ಟು ಕೊಯ್ದಿದ್ದೇನೆ, ಹಾಡು ಹೇಳುತ್ತ, ಹರಟುತ್ತ, ಪೈಪು ಬಿಟ್ಟಿತು, ತೋಳು ಬಿಟ್ಟಿತು, ಸೊಂಟ ಬಿಟ್ಟಿತು, ಈಜಲು ಪಾದಕ್ಕೆ ಕಟ್ಟಿಕೊಂಡಿದ್ದ ಹಲಗೆ ಬಿಚ್ಚಿ ಎಸೆದೆ, ಕಾಲು ಬಿಟ್ಟಿತು, ಬಿಟ್ಟದ್ದೇ ತಡ ಅವನು ಮೇಲಕ್ಕೆ ಚಿಮ್ಮಿದ.

ಬಿಡಲಿಲ್ಲ ನಾನು. ಚಡ್ಡಿಯ ಪಟ್ಟಿ ಹಿಡಿದು ಜೋತುಬಿದ್ದೆ, ಹಗ್ಗಕ್ಕೆ ಕಾಲು ಸುತ್ತಿಕೊಂಡೆ, ಅವನು ಒದ್ದ, ನನ್ನ ಗಂಡ ನನ್ನ ಎದೆಗೆ ಒದ್ದ, ಮೇಲೆ ಬೆಳಕು ಕಾಣುತ್ತಿತ್ತು ಅವನಿಗೆ, ನನಗೂ ಕಾಣುತ್ತಿತ್ತು, ಅಷ್ಟು ಬೆಳ್ಳಗೆ, ಒಂದು ನೆಗೆತ ಅಷ್ಟೇ, ಅರ್ಧ ದಾರೀಲಿ ನಿಲ್ಲೋಕೆ ಹೇಳಿ ಅತ್ತಿಗೆ, ಹೇಳುವುದು ಹೇಗೆ ನೀರಿನಲ್ಲಿ, ಕೂದಲು ಹಿಡಿದು ಮುಖ ನನ್ನ ಕಡೆ ತಿರುಗಿಸಿದೆ, ಕಾಲು ತೋರಿಸಿದೆ, ಅವನ ಕಾಲಿಗೆ ಬೆರಳಿಟ್ಟು ತೋರಿಸಿದೆ, ತೋರಿಸಿದೆ, ಆಗ ತಿಳಿಯಿತು ಅವನಿಗೆ, ಒದೆಯುವುದು ನಿಲ್ಲಿಸಿದ. ನಿಂತೆವು. ಒಂದೇ ಹಗ್ಗ ತಬ್ಬಿ, ಮದುವೆಯ ದಿನ ಪಾದ್ರಿ ನಮ್ಮಿಬ್ಬರ ಹೆಗಲಿಗೆ ದಾರ ಸುತ್ತಿದ್ದರಲ್ಲ, ಹಾಗೆ, ಒಂದು ಗುಟುಕು ನನಗೆ ಒಂದು ಅವನಿಗೆ, ಅವನು ಬಾಯಿಂದ ಪೈಪು ತೆಗೆಯುವಾಗಲೆಲ್ಲ ವಾಪಸು ಕೊಡುತ್ತಾನೋ ಇಲ್ಲವೋ ಅನ್ನಿಸುತ್ತಿತ್ತು, ಅವನಿಗೂ ಹಾಗೇ ಅನ್ನಿಸಿರಬೇಕು, ಇಬ್ಬರೂ ಕಣ್ಣು ಮುಚ್ಚಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ರಕ್ತ ತಣಿಯಲಿ, ಸೋಡಾ ಇಳಿಯಲಿ — ಗಾಳಿ ತೆಳ್ಳಗಾಯಿತು. ಎಳೆದರೆ ಬರುತ್ತಿಲ್ಲ. ಎಂಜಿನ್ ಸದ್ದು ಇದೆ, ಗಾಳಿ ಇಲ್ಲ, ಬೆಲ್ಟು, ಬೆಲ್ಟು ಕಳಚಿತು, ಕಂಪ್ರೆಸರಿನ ತೊಟ್ಟಿಯಲ್ಲಿ ಉಳಿದ ಗಾಳಿ ಮಾತ್ರ ಬರುತ್ತಿದೆ, ಅದೂ ಮುಗಿಯಿತು, ನನಗೆ ಬೇಡ ಅಂತ ಅವನ ಬಾಯಿಗೆ ಒತ್ತಿದೆ, ಅವನು ತಲೆ ಆಡಿಸಿ ನನ್ನ ಬಾಯಿಗೆ ಒತ್ತಿದ, ಎರಡು ಬಾಯಿಗೂ ಏನೂ ಸಿಗಲಿಲ್ಲ, ಇನ್ನು ನಿಲ್ಲಲಾಗದು, ಸಾಕಷ್ಟು ನಿಂತೆವೇ, ಸಾಕಾಯಿತೇ, ಸಾಕು ಅಂತ ಯಾರು ಹೇಳಬೇಕು, ಎದೆಯಲ್ಲಿದ್ದ ಉಸಿರನ್ನು ಊದುತ್ತ ಊದುತ್ತ ಮೇಲೆ ಬಂದೆವು, ಆಕಾಶ ಒಡೆದ ಹಾಗೆ ತೆರೆಯಿತು.

ದೋಣಿಗೆ ಹತ್ತಿಸಿದ್ದು ನಾನೋ ಅವನೇ ಹತ್ತಿದನೋ ಗೊತ್ತಿಲ್ಲ, ಕೆಮ್ಮಿದ, ವಾಂತಿ ಮಾಡಿದ, ಮೈಮೇಲೆಲ್ಲ ಬಲೆಯ ಕಣ್ಣಿನ ಗೆರೆ, ಚೌಕ ಚೌಕವಾಗಿ, ನಾನು ಅವನ ಬೆನ್ನಿಗೆ ಗುದ್ದಿದೆ, ಗುದ್ದುತ್ತಲೇ ಇದ್ದೆ, ಅಯ್ಯೋ ಕೊಲ್ತೀಯಾ ಮಾರಾಯ್ತಿ, ಉಳಿಸಿದ್ದು ಇದಕ್ಕೇನಾ ಅಂದ, ನಕ್ಕ, ನಗಬೇಡ ಅಂದೆ, ನಗಬೇಡ, ಸಿರಿಲೊ ಕೂಡ ನಕ್ಕಿದ್ದ. ಸಿಗರೇಟ್ ಇದ್ಯಾ ನೋಡು ಅಂದ. ಸಿಗರೇಟಿನ ಪೊಟ್ಟಣ ಒದ್ದೆಯಾಗಿದೆ ಅಂತ ಸುಳ್ಳು ಹೇಳಿದೆ. ಅರ್ಧ ಬಿಟ್ಟಿದೆ ನಿಂಫಾ, ಇನ್ನು ಆ ಕಡೆ ಅಂಚು ಕೊಯ್ದರೆ ಪೂರ್ತಿ ಏಳ್ತದೆ, ನಾಳೆ ದೊಡ್ಡಪ್ಪನ ಮಗನನ್ನೂ ಕರ್ಕೊಂಡು ಅನ್ನುತ್ತಿದ್ದ, ಅನ್ನುತ್ತಿದ್ದ ಹಾಗೇ ನಾನು ಪೈಪು ಸುತ್ತಿ ಎತ್ತಿದೆ, ತಲೆಯ ಮೇಲಕ್ಕೆ ಎತ್ತಿದೆ, ಸಮುದ್ರಕ್ಕೆ ಎಸೆಯಲು. ಕೈ ಬರಲಿಲ್ಲ. ಎಷ್ಟು ವರ್ಷ ಇದೇ ಕೈಯಿಂದ ಹೆಕ್ಕಿದ್ದೇನೆ ಪ್ಲಾಸ್ಟಿಕ್ಕು, ಆ ಕೈ ಎಸೆಯಲಾರದು. ಅದನ್ನೂ ಕೆಳಗೆ ಹಾಕ್ತೀಯಾ, ಡೆಲ್ಪಿನಾ ಅಕ್ಕ ನಿನ್ನನ್ನೂ ಕಟ್ಟು ಕಟ್ಟಿ ಕಳಿಸ್ತಾಳೆ ಅಂದ, ಆಗ ನಾನು ಅತ್ತುಬಿಟ್ಟೆ, ಬಾಯಿ ಬಿಟ್ಟು, ಮಗುವಿನ ಹಾಗೆ. ಆಮೇಲೆ ಚೂರಿ ತೆಗೆದು ಪೈಪನ್ನು ಕತ್ತರಿಸಿದೆ, ಗೇಣುದ್ದ ಗೇಣುದ್ದ, ಅವನು ನೋಡುತ್ತಿದ್ದ, ತಡೆಯಲಿಲ್ಲ, ತುಂಡುಗಳನ್ನು ಚೀಲಕ್ಕೆ ತುಂಬಿದೆ, ನಾಳೆ ಹೇಗೆ ಹೋಗ್ತೀ ನೋಡ್ತೇನೆ ಅಂದೆ. ಹೋಗುದಿಲ್ಲ ಅಂದ, ಎಷ್ಟು ಮೆಲ್ಲಗೆ ಅಂದರೆ ತುಟಿ ನೋಡಿ ತಿಳಿಯಬೇಕು. ಹಗ್ಗದ ತುದಿಗೆ ಎಣ್ಣೆಯ ಕೆಂಪು ಕ್ಯಾನು ಕಟ್ಟಿ ಬಿಟ್ಟ, ಗುರುತಿಗೆ, ಸಿಲಿಂಡರಿನವರು ಬಂದು ತೆಗೆಯಲಿ, ಅಲ್ಲಿಯವರೆಗೆ ಬಲೆ ಮೀನು ಹಿಡಿಯುತ್ತಲೇ ಇರಲಿ, ಮೀನುಗಳೇ ನನ್ನನ್ನು ಕ್ಷಮಿಸಿ.

ಈಗ ಹೊರಟಿದ್ದೇವೆ, ಗಾಳಿ ಹಿಂದಿನಿಂದ, ಅವನು ಹಿಂಬದಿಯ ಹಲಗೆಗೆ ಒರಗಿ ಕಾಲು ಚಾಚಿ ಚುಕ್ಕಾಣಿ ಕೋಲನ್ನು ಯಾವಾಗಿನಂತೆ ಪಾದದಲ್ಲೇ ಹಿಡಿದಿದ್ದಾನೆ, ಕೈಯಲ್ಲಿ ಅನ್ನದ ಡಬ್ಬಿ, ಒಣಮೀನು ಜಗಿಯುತ್ತಿದ್ದಾನೆ, ಉಪ್ಪು ಜಾಸ್ತಿ ಮಾಡಿದ್ದೀ ಅನ್ನುತ್ತಿದ್ದಾನೆ, ಅಮ್ಮನಿಗೆ ಏನೂ ಹೇಳ್ಬೇಡ ಅನ್ನುತ್ತಿದ್ದಾನೆ, ಎಲ್ಲ ಕೇಳುತ್ತಿದೆ, ಏನೂ ತಲೆಗೆ ಹೋಗುತ್ತಿಲ್ಲ, ನಾನು ನೋಡುತ್ತಿರುವುದು ಅವನ ಬಲಗಾಲಿನ ಹೆಬ್ಬೆರಳು. ಉಗುರು ಒಂದು ಕಡೆ ಸೀಳಿದೆ, ನೈಲಾನು ಕೊರೆದ ಕೆಂಪು ಗೆರೆ ಬುಡದಲ್ಲಿ, ಕೋಲಿನ ಸುತ್ತ ಮಡಚಿಕೊಂಡಿದೆ, ಕೊಕ್ಕೆಯ ಹಾಗೆ. ಕಾಲು ಭಾರ ಅನ್ನಿಸ್ತದಾ ಅಂದೆ, ಇಲ್ಲ ಮಾರಾಯ್ತಿ ಅಂದ, ಜೋಮು ಹಿಡಿದಿದ್ಯಾ, ಇಲ್ಲ ಅಂದೆನಲ್ಲ, ಮುಳ್ಳು ಚುಚ್ಚಿದ ಹಾಗೆ, ಇಲ್ಲ, ನಾನು ಬಗ್ಗಿ ಉಗುರಿನಿಂದ ಗೀರಿದೆ, ಅಯ್ಯೋ ಅಂದ, ಅಯ್ಯೋ ಅಂದನಲ್ಲ, ಇನ್ನೊಮ್ಮೆ ಗೀರಿದೆ, ಸಾಕು ಬಿಡು ಅಂದ, ಸಾಕು ಅಂತ ಯಾರು ಹೇಳಬೇಕು, ದಡ ಇನ್ನೂ ದೂರ, ಬಾದಾಮಿ ಮರ ಚುಕ್ಕಿಯ ಹಾಗೆ ಕಾಣುತ್ತಿದೆ, ಅದರ ಬುಡದಲ್ಲಿ ಒಬ್ಬ ಕೂತಿದ್ದಾನೆ, ಕೂರಿಸಿದ್ದಾರೆ — ದೋಣಿಯ ಮೂತಿ ಒಮ್ಮೆಗೇ ಎಡಕ್ಕೆ ಹೊರಳಿತು, ನಾನು ಚೀರಿದೆ, ಅನ್ನದ ಡಬ್ಬಿ ಅವನ ಕೈಯಿಂದ ಬಿತ್ತು, ಏನಾಯ್ತೇ, ತೆಂಗಿನ ಮಡಲು ತೇಲ್ತಿತ್ತಲ್ಲ, ಬಳಸಿದೆ ಅಷ್ಟೇ, ಅಂದ, ಮಡಲು, ಹೌದು ಮಡಲು, ಪಕ್ಕದಲ್ಲೇ ಹೋಯಿತು, ಅವನು ನನ್ನ ಮುಖ ನೋಡಿದ, ಆಮೇಲೆ ನಾನು ನೋಡುತ್ತಿದ್ದಲ್ಲಿ ನೋಡಿದ, ನಗಲಿಲ್ಲ ಈ ಸಲ, ಕೋಲಿನ ಮೇಲಿನ ಬೆರಳನ್ನು ನನಗೆ ಕಾಣುವ ಹಾಗೆ ಬಿಚ್ಚಿದ, ಮಡಚಿದ, ಬಿಚ್ಚಿದ, ಇಬ್ಬರೂ ಅದನ್ನೇ ನೋಡುತ್ತಿದ್ದೇವೆ, ಮಡಚಿತು, ಬಿಚ್ಚಿತು, ಇನ್ನೊಮ್ಮೆ ಅಂದೆ, ಮಡಚಿತು, ಇನ್ನೊಮ್ಮೆ, ಬಿಚ್ಚಿತು, ಇನ್ನೊಮ್ಮೆ, ಸೀಳಿದ ಉಗುರು, ಕೆಂಪು ಗೆರೆ, ಬೆರಳು — ಇನ್ನೊಮ್ಮೆ — ಬೆರಳು —